‘ಸಾಫ್ಟ್ ಕೋರಲ್’ ಎಂದು ಬಬಲ್ ಕೋರಲ್ ಮಾರುವವನನ್ನು ನಂಬಬೇಡಿ

ಬೆಂಗಳೂರಿನಲ್ಲಿ ಮರೀನ್ ಟ್ಯಾಂಕ್ (ಉಪ್ಪುನೀರಿನ ಅಕ್ವೇರಿಯಂ) ಇಟ್ಟಿರುವವರೆಲ್ಲ ದಯವಿಟ್ಟು ಇದನ್ನು ಓದಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳುಹಿಸಿ ಮನೆಯಿಂದಲೇ ವ್ಯಾಪಾರ ಮಾಡುವ ಒಬ್ಬನು ನನಗೆ ಬಬಲ್ ಕೋರಲ್, ಅಂದರೆ ಗುಳ್ಳೆಗಳಂತೆ ಉಬ್ಬುವ ಒಂದು ಹವಳ, ಮಾರಿದ. ಒಂಬತ್ತು ಸಾವಿರ ರೂಪಾಯಿ, ನಗದೇ ಬೇಕೆಂದ. ಬಿಲ್ ಆಮೇಲೆ ಕಳುಹಿಸುತ್ತೇನೆ ಎಂದ. ಆ ಬಿಲ್ ಇಂದಿಗೂ ಬಂದಿಲ್ಲ.

ದುಡ್ಡು ಕೊಡುವ ಮೊದಲೇ ನೇರವಾಗಿ ಕೇಳಿದ್ದೆ, ಇದು ಗಟ್ಟಿ ಹವಳವೇ, ಅಂದರೆ ಒಳಗೆ ಸುಣ್ಣದ ಅಸ್ಥಿ ಇರುವ ಜಾತಿಯೇ ಎಂದು. ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಅವನು ನಕ್ಕ. “ಮುಟ್ಟಿ ನೋಡಿ ಸಾರ್, ಎಷ್ಟು ಮೆತ್ತಗಿದೆ! ಇದು ಸಾಫ್ಟ್ ಕೋರಲ್. ಇಂಡೋನೇಷ್ಯಾದಿಂದ ಬಂದದ್ದು, ಪೇಪರ್ ಎಲ್ಲ ಇದೆ” ಎಂದ. ಹಗಲು ಬೆಳಕಿನಲ್ಲಿ ಅದು ದ್ರಾಕ್ಷಿ ಗೊಂಚಲಿನಂತೆ ಉಬ್ಬಿ ನಿಂತಿತ್ತು, ಕಲ್ಲಿನ ಸುಳಿವೇ ಇರಲಿಲ್ಲ.

ರಾತ್ರಿ ಲೈಟ್ ಆರಿಸಿದ ಮೇಲೆ ಗುಳ್ಳೆಗಳೆಲ್ಲ ಇಳಿದುಹೋದವು. ಒಳಗಿನಿಂದ ಬಿಳಿಯ ಸುಣ್ಣದ ಅಲಗುಗಳು ಸಾಲಾಗಿ ಎದ್ದು ಕಂಡವು. ಟಾರ್ಚ್ ಹಿಡಿದಿದ್ದ ಮಗಳು “ಅಪ್ಪಾ, ಇದು ಕಲ್ಲಲ್ಲವೇ?” ಎಂದಳು. ಆ ಕ್ಷಣದ ಅವಮಾನ ಹೇಳತೀರದು. ಮಗಳ ಮುಂದೆ ಮಾತು ಬರಲಿಲ್ಲ. ಬಬಲ್ ಕೋರಲ್‌ನ ವೈಜ್ಞಾನಿಕ ಹೆಸರು ಪ್ಲೆರೊಗೈರಾ ಸಿನುಯೋಸಾ, ಅಪ್ಪಟ ಗಟ್ಟಿ ಹವಳ! ಹಗಲು ಗುಳ್ಳೆ ಉಬ್ಬಿಸಿ ತನ್ನೊಳಗಿನ ಪಾಚಿಗೆ ಬೆಳಕು ಕೊಡುತ್ತದೆ, ರಾತ್ರಿ ಗುಳ್ಳೆ ಕುಗ್ಗಿಸಿ ಕುಟುಕುವ ಎಳೆಗಳನ್ನು ಚಾಚುತ್ತದೆ. ಇದನ್ನೇ ಮಾರಿ ಬದುಕುವವನಿಗೆ ಇಷ್ಟು ಗೊತ್ತಿರುವುದಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳಿದ.

ಅವನು ಹೇಳಿದ ಆರೈಕೆಯೂ ಸುಳ್ಳು. ಲೈಟಿನ ಹತ್ತಿರ ಮೇಲಿಡಿ, ಪಂಪನ್ನು ಅದರ ಕಡೆಗೇ ತಿರುಗಿಸಿ, ಕ್ಯಾಲ್ಸಿಯಂ ಪರೀಕ್ಷೆ ಬೇಡ ಎಂದಿದ್ದ. ಬಬಲ್ ಕೋರಲ್‌ಗೆ ಬೇಕಾದದ್ದು ಸಾಧಾರಣ ಬೆಳಕು, ನಿಧಾನವಾದ ಹರಿವು. ನೀರು ಜೋರಾಗಿ ಬಡಿದರೆ ಗುಳ್ಳೆಯ ಪೊರೆ ತನ್ನದೇ ಅಲಗಿಗೆ ತಾಗಿ ಹರಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಆದದ್ದು ಅದೇ. ಅಸ್ಥಿ ಕಟ್ಟುವ ಜೀವಿಗೆ ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ ಇರಬೇಕು, ಕ್ಷಾರೀಯತೆ ಏರುಪೇರಾಗಬಾರದು. ಪಾಪದ ಪ್ರಾಣಿ, ಇವನ ಮಾತಿಗೆ ಅದು ಮೈ ಹರಿದುಕೊಂಡಿತು.

ಫೋನ್ ಮಾಡಿದೆ. ಮೊದಲು “ಎಲ್ಲರೂ ಇಡುತ್ತಾರೆ ಸಾರ್, ಯಾರು ಬಂದು ನೋಡುತ್ತಾರೆ?” ಎಂದ. ಇಂಡೋನೇಷ್ಯಾದ ಪೇಪರ್ ಕಳುಹಿಸು ಎಂದರೆ, “ಅದು ನಮ್ಮ ಟ್ಯಾಂಕಿನಲ್ಲೇ ತುಂಡು ಮಾಡಿ ಬೆಳೆಸಿದ್ದು” ಎಂದ. ಹೊರದೇಶದ್ದಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಇರಲೇಬೇಕು, ತೋರಿಸು ಎಂದೆ. ಆಗ ಬಂದ ಮಾತು ಇದು: “ಈಗ ಅದು ಯಾರ ಮನೆಯಲ್ಲಿದೆ ಸಾರ್? ನಿಮ್ಮ ಮನೆಯಲ್ಲಿ ತಾನೇ? ದೂರು ಕೊಡಿ, ನೋಡೋಣ.” ದುಡ್ಡು ನನ್ನದು, ಸುಳ್ಳು ಅವನದು, ಬೆದರಿಕೆ ನನಗೆ! ಈ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷದವರೆಗೆ ಜೈಲು ಇದೆ ಎಂಬುದನ್ನು ಅವನು ಚೆನ್ನಾಗಿ ಬಲ್ಲ, ಅದನ್ನೇ ಹಿಡಿದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಾನೆ.

ನಾನು ಬಾಯಿ ಮುಚ್ಚಲಿಲ್ಲ. ಅವನ ಸಂದೇಶಗಳನ್ನೆಲ್ಲ ಲಗತ್ತಿಸಿ ಅರಣ್ಯ ಇಲಾಖೆಗೆ ಲಿಖಿತವಾಗಿ ಕೊಟ್ಟಿದ್ದೇನೆ.

ಬಬಲ್, ಟಾರ್ಚ್, ಹ್ಯಾಮರ್, ಬ್ರೇನ್ ಎಂಬ ಹೆಸರಿನ ಕೋರಲ್‌ಗಳೆಲ್ಲವೂ ಗಟ್ಟಿ ಹವಳಗಳೇ, ಮುಟ್ಟಿದರೆ ಎಷ್ಟೇ ಮೆತ್ತಗಿರಲಿ. ಇವನ್ನು ಯಾರಾದರೂ ‘ಸಾಫ್ಟ್’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ, ಮುಂಗಡವನ್ನೂ ಕೊಡಬೇಡಿ. ನನ್ನ ನಂಬರನ್ನು ಅವನು ಬ್ಲಾಕ್ ಮಾಡಿದ್ದಾನೆ. ಆದರೆ ನಿನ್ನೆ ನನ್ನ ಗೆಳೆಯನಿಗೆ ಬೇರೊಂದು ನಂಬರಿನಿಂದ ಅದೇ ಫೋಟೊ ಬಂದಿದೆ, ಬೆಲೆ ಮಾತ್ರ ಏಳು ಸಾವಿರ.