ತಿರುಗುವ ಮನೆಯಲ್ಲಿ ವರ್ಷಗಳಿಂದ ಇದ್ದೇನೆ: ಬಿಸಿಲಿಗೆ ಪೂರ್ತಿ ಅಂಕ, ಪೈಪಿಗೆ ಕಮ್ಮಿ

ಎಲ್ಲರೂ ಮೊದಲು ಕೇಳುವುದು ಒಂದೇ: ತಲೆ ಸುತ್ತಲ್ವಾ? ಇಲ್ಲ. ಮೋಟಾರಿನಿಂದ ಇಡೀ ಮನೆಯೇ ತಿರುಗುತ್ತದೆ, ಆದರೆ ತಿರುಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಕಿಟಕಿಯ ಅಂಚಿಗೂ ಹೊರಗಿನ ಮರಕ್ಕೂ ನಡುವಿನ ಸಂದನ್ನೇ ನೋಡುತ್ತಾ ಕೂತರೆ, ಮರ ನಿಧಾನಕ್ಕೆ ಚೌಕಟ್ಟಿನ ಹಿಂದೆ ಸರಿಯುವುದು ಕಾಣುತ್ತದೆ, ಅಷ್ಟೇ. ಇಟಲಿಯ ವೆರೋನಾ ಹತ್ತಿರ ಎಂಜಿನಿಯರ್ ಆಂಜೆಲೊ ಇನ್ವೆರ್ನಿಜ್ಜಿ ಕಟ್ಟಿಸಿ, 1935ರಲ್ಲಿ ಮುಗಿದ ವಿಲ್ಲಾ ಜಿರಾಸೋಲೆ ಎಂಬ ತಿರುಗುವ ಮನೆಗೆ ಒಂದು ಸುತ್ತು ಬರಲು ಒಂಬತ್ತು ಗಂಟೆಗೂ ಜಾಸ್ತಿ ಬೇಕಿತ್ತು. ನಮ್ಮದೂ ಅವಸರದ ಮನೆಯಲ್ಲ.

ಒಂದು ಮಾತು ಖಂಡಿತ ಹೇಳುತ್ತೇನೆ. ಬರೀ ನೋಟಕ್ಕಾಗಿ ಇಂಥ ಮನೆ ಕಟ್ಟಿಸಬೇಡಿ. ಬೆಟ್ಟ ಕಾಣುತ್ತೆ, ಕೆರೆ ಕಾಣುತ್ತೆ ಅನ್ನುವ ಖುಷಿ ಬೇಗ ಹಳೆಯದಾಗುತ್ತದೆ. ಬಿಸಿಲಿನ ಖುಷಿ ಹಾಗಲ್ಲ. ಚಳಿಗಾಲದಲ್ಲಿ ಬೆಳಗ್ಗೆಯಿಂದ ಗಾಜಿನ ಬದಿ ಸೂರ್ಯನ ಕಡೆಗೇ ಇರುತ್ತದೆ, ಓದುವ ಕುರ್ಚಿಯ ಕಾಲ ಬಳಿ ಬಿದ್ದ ಬಿಸಿಲು ಮಧ್ಯಾಹ್ನದವರೆಗೂ ಅಲ್ಲಿಂದ ಹೆಚ್ಚು ಕದಲುವುದಿಲ್ಲ, ಹೀಟರ್ ಹಾಕುವ ನೆನಪೇ ಬರುವುದಿಲ್ಲ. ಬೇಸಿಗೆಯಲ್ಲಿ ಮನೆಯ ದಪ್ಪ ಬೆನ್ನನ್ನು ಸೂರ್ಯನಿಗೆ ಕೊಟ್ಟರೆ ಆಯ್ತು.

ಇದು ನಡೆಯಬೇಕಾದರೆ ಮನೆಗೆ ಒಂದು ಮುಖ, ಒಂದು ಬೆನ್ನು ಇರಬೇಕು. ಸುತ್ತಲೂ ಗಾಜು ಹಾಕಿಸಿದರೆ ತಿರುಗಿಸಿ ಏನು ಪ್ರಯೋಜನ? ಜರ್ಮನಿಯ ಫ್ರೈಬರ್ಗ್‌ನಲ್ಲಿ ವಾಸ್ತುಶಿಲ್ಪಿ ರೋಲ್ಫ್ ಡಿಶ್ 1994ರಲ್ಲಿ ಕಟ್ಟಿದ ಹೆಲಿಯೋಟ್ರೋಪ್ ಎಂಬ ತಿರುಗುವ ಮನೆ ಇದನ್ನು ಸರಿಯಾಗಿ ಮಾಡಿದೆ. ಒಂದು ಕಡೆ ಮೂರು ಪದರದ ಗಾಜು, ಇನ್ನೊಂದು ಕಡೆ ಶಾಖ ತಡೆಯುವ ಗೋಡೆ, ಮೇಲೆ ಸೋಲಾರ್ ಪ್ಯಾನೆಲ್. ತಾನು ಬಳಸುವುದಕ್ಕಿಂತ ಜಾಸ್ತಿ ಕರೆಂಟು ಅದೇ ಮಾಡಿಕೊಳ್ಳುತ್ತದೆ.

ಈಗ ಕಾಟದ ವಿಷಯ. ಮೋಟಾರ್ ಬಗ್ಗೆ ಎಲ್ಲರಿಗೂ ಭಯ, ಆದರೆ ನಮ್ಮದು ಚಿಕ್ಕದು, ತೊಂದರೆ ಕೊಟ್ಟೇ ಇಲ್ಲ. ನಿಜವಾದ ತಲೆನೋವು ನೀರು. ತಿರುಗುವ ಮನೆಯಿಂದ ತಿರುಗದ ನೆಲಕ್ಕೆ ಪೈಪು ಇಳಿಯಬೇಕಲ್ವಾ, ಅದಕ್ಕೇ ಅಡುಗೆಮನೆ, ಬಚ್ಚಲು ಎಲ್ಲಾ ನಡುವಿನ ಕಂಬಕ್ಕೆ ಒತ್ತಿಕೊಂಡೇ ಇರುತ್ತವೆ. ಕೊಳೆನೀರಿನ ಪೈಪು ಸೇರುವ ಕಡೆ ರಬ್ಬರ್ ಸೀಲ್ ಒಣಗಿತು ಅಂದರೆ ಮೊದಲು ತಿಳಿಯುವುದು ಮೂಗಿಗೆ. ಕಟ್ಟಿದವರು ಅಲ್ಲಿಗೆ ಕೈ ಹೋಗುವಷ್ಟೂ ಜಾಗ ಬಿಟ್ಟಿರಲಿಲ್ಲ. ಪ್ಲಂಬರ್ ಮಲಗಿಕೊಂಡೇ ಕೆಲಸ ಮಾಡಬೇಕಾಯ್ತು. ಕುಡಿಯುವ ನೀರಿನ ಪೈಪು, ವೈರುಗಳು ಸುರುಳಿಯಾಗಿ ಸಡಿಲವಾಗಿವೆ, ಅದಕ್ಕೆ ಮನೆ ಒಂದು ಸುತ್ತಿಗೆ ಸ್ವಲ್ಪ ಮೊದಲೇ ನಿಂತು ವಾಪಸ್ ಬರುತ್ತದೆ. ಸುಮ್ನೆ ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುವ ಮನೆ ಬೇಕು ಅನ್ನುವವರು ಇದನ್ನು ಯೋಚಿಸಿ. ಮನೆ ತಿರುಗುವ ಹಳಿಗೆ ಒಣಗಿದ ಎಲೆ, ಮರಳು ಸೇರಿದರೆ ರಾತ್ರಿ ಕರಕರ ಸದ್ದು. ಗುಡಿಸಿದರೆ ಸಾಕು, ಆದರೆ ಗುಡಿಸಲೇಬೇಕು.

ಮನೆ ದುಂಡಗಿರುವುದರಿಂದ ಕೋಣೆಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಅಂಗಡಿಯಲ್ಲಿ ಕೊಂಡ ಬೀರು ಗೋಡೆಗೆ ಕೂರುವುದಿಲ್ಲ.

ಈ ತಿರುಗುವ ಉಪಾಯವನ್ನೇ ಅಪಾರ್ಟ್‌ಮೆಂಟಿಗೆ ತರುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ. ಬ್ರೆಜಿಲ್‌ನ ಕುರಿಟಿಬಾದಲ್ಲಿ 11 ಮಹಡಿ ಬೇರೆಬೇರೆಯಾಗಿ ತಿರುಗುವ ಸೂಟ್ ವೊಲಾರ್ಡ್ ಎಂಬ ಕಟ್ಟಡ ಕಟ್ಟಿದರು, ಅದು ಬಹುಕಾಲ ಖಾಲಿಯೇ ಉಳಿಯಿತು. 2008ರಲ್ಲಿ ದುಬೈಗೆ ಘೋಷಿಸಿದ ತಿರುಗುವ ಗೋಪುರ ಎದ್ದೇ ಇಲ್ಲ. ಒಂಟಿ ಮನೆ, ಸುತ್ತ ಬಯಲು, ಚಳಿ ಜಾಸ್ತಿ ಇರುವ ಊರು ಇದ್ದರೆ ಮಾತ್ರ ಮುಂದುವರಿಯಿರಿ.

ನನ್ನಿಂದ ಐದಕ್ಕೆ ನಾಲ್ಕು. ಕಟ್ಟಿಸುವವರು ಸಹಿ ಹಾಕುವ ಮೊದಲು ಎರಡು ವಿಷಯ ಬರೆಸಿಕೊಳ್ಳಿ. ಪೈಪು ಸೇರುವ ಜಾಗಕ್ಕೆ ಒಬ್ಬರು ಕೂತು ಕೆಲಸ ಮಾಡುವಷ್ಟು ದೊಡ್ಡ ಬಾಗಿಲು ಇರಬೇಕು. ಕರೆಂಟು ಹೋದಾಗ ಕೈಯಲ್ಲೇ ತಿರುಗಿಸಲು ಹಿಡಿಕೆ ಇರಬೇಕು, ಇಲ್ಲದಿದ್ದರೆ ಬೇಸಿಗೆಯ ಮಧ್ಯಾಹ್ನ ಗಾಜಿನ ಬದಿ ಬಿಸಿಲಿಗೆ ಮುಖ ಮಾಡಿ ನಿಂತುಬಿಡುತ್ತದೆ.