ಟಿಇ37 ಅಂತ ಹೇಳಿ ಮಾರುವ ವೀಲ್‌ಗಳ ಬಗ್ಗೆ ಹುಷಾರು

ಕಾರಿಗೆ ಹಾಕಲು ಸೆಕೆಂಡ್ ಹ್ಯಾಂಡ್ ಟಿಇ37 (ಜಪಾನಿನ ಹಗುರ ಅಲಾಯ್ ವೀಲ್) ಹುಡುಕುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಿಬಿಡಿ. 'ಜಪಾನ್‌ನಿಂದ ಕಂಟೇನರ್‌ನಲ್ಲಿ ಬಂದ ಒರಿಜಿನಲ್ ಮಾಲು ಸಾರ್, ಪೇಂಟ್ ಮಾತ್ರ ನಮ್ಮದು' ಅಂತ ಹೇಳಿ ಬೆಂಗಳೂರಿನ ಒಂದು ಅಂಗಡಿಯವರು ನನ್ನ ಹಳೇ ಹೋಂಡಾ ಸಿಟಿಗೆ ನಾಲ್ಕು ವೀಲ್ ಹಾಕಿ ಕಳಿಸಿದರು. 52 ಸಾವಿರ ರೂಪಾಯಿ. ಮುಂದಿನ ಎರಡೂ ಈಗ ಗುಜರಿಗೇ ಲಾಯಕ್ಕು.

ಈ ವೀಲ್ ಮೇಲೆ ಜನಕ್ಕೆ ಯಾಕಿಷ್ಟು ಹುಚ್ಚು ಅನ್ನುವುದು ಗೊತ್ತಿದ್ದರೆ ಮೋಸ ಎಲ್ಲಿ ನಡೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಜಪಾನಿನ ರೇಯ್ಸ್ ಕಂಪನಿ ತನ್ನ ವೋಲ್ಕ್ ರೇಸಿಂಗ್ ಬ್ರ್ಯಾಂಡಿನಲ್ಲಿ ಇದನ್ನು ಬಿಟ್ಟಿದ್ದು 1996ರಲ್ಲಿ. 15 ಇಂಚಿನ, 6 ಇಂಚು ಅಗಲದ ವೀಲ್ ತೂಗುತ್ತಿದ್ದದ್ದು ಬರೀ 3.7 ಕೆಜಿ. ಹೆಸರಲ್ಲಿರುವ 37 ಅದೇ. ಇರುವುದು ಆರೇ ಕಡ್ಡಿ. ಕುಸುರಿ ಇಲ್ಲ, ಕ್ರೋಮ್ ಮಿಂಚಿಲ್ಲ. ಹೋಂಡಾ ಸಿವಿಕ್‌ಗೂ ಒಪ್ಪುತ್ತದೆ, ನಿಸ್ಸಾನ್‌ನ ಸ್ಪೋರ್ಟ್ಸ್ ಕಾರು ಸ್ಕೈಲೈನ್ ಜಿಟಿ-ಆರ್‌ಗೂ ಒಪ್ಪುತ್ತದೆ. ಕಂಚಿನ ಬಣ್ಣದ್ದು ಬಿಳಿ ಕಾರಿಗೆ ಕೂತರೆ ನಿಂತು ನೋಡಬೇಕು, ಹಾಗಿರುತ್ತದೆ. ಅದಕ್ಕೇ ಇಷ್ಟು ವರ್ಷವಾದರೂ ಕಂಪನಿ ಇದನ್ನು ನಿಲ್ಲಿಸಿಲ್ಲ.

ನೋಟವನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ. ತೂಕ ಮಾತ್ರ ಆಗಲ್ಲ. ಅಸಲಿ ವೀಲ್ ಫೋರ್ಜ್ ಮಾಡಿದ್ದು. ಕಾಯಿಸಿದ ಅಲ್ಯೂಮಿನಿಯಂ ಗಟ್ಟಿಯನ್ನು ಸಾವಿರಾರು ಟನ್ ಪ್ರೆಸ್ ಕೆಳಗೆ ಒತ್ತಿರುತ್ತಾರೆ. ಲೋಹ ಒಳಗೆಲ್ಲ ಬಿಗಿಯಾಗಿ ಕೂರುವುದರಿಂದ ತೆಳ್ಳಗಿದ್ದರೂ ತಡೆಯುತ್ತದೆ. ನಕಲಿಯದ್ದು ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ದ ಹಾಗೆ, ಕರಗಿದ ಲೋಹವನ್ನು ಅಚ್ಚಿಗೆ ಸುರಿದದ್ದು. ಎರಕದ ವೀಲ್ ಅಂದರೆ ಕೆಟ್ಟದ್ದು ಅಂತ ಅಲ್ಲ. ಕಂಪನಿಯಿಂದ ಕಾರಿನ ಜೊತೆ ಬರುವ ಅಲಾಯ್‌ಗಳು ಬಹುತೇಕ ಎರಕದವೇ. ಅವನ್ನು ದಪ್ಪ ಮಾಡಿ, ಟೆಸ್ಟ್ ಮಾಡಿ ಕೊಡುತ್ತಾರೆ. ಕಳಪೆ ಎರಕಕ್ಕೆ ಫೋರ್ಜ್ ಹೆಸರು ಅಂಟಿಸಿದಾಗಲೇ ತಲೆನೋವು.

ನನ್ನ ಕಾರಿನಲ್ಲಿ ಮೊದಲು ಶುರುವಾಗಿದ್ದು ನಡುಕ. ಸ್ಪೀಡ್ 85 ದಾಟಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬ್ಯಾಲೆನ್ಸಿಂಗ್ ಮಾಡಿಸಿದರೂ ಅಷ್ಟೇ. ಕೊನೆಗೆ ಬೇರೆ ಮೆಕ್ಯಾನಿಕ್ ವೀಲ್ ಬಿಚ್ಚಿ ತೋರಿಸಿದರು. ಸಿಟಿಯ ಹಬ್ (ವೀಲ್ ಬಂದು ಕೂರುವ ನಡುವಿನ ಉಬ್ಬು) 56.1 ಮಿಮೀ, ವೀಲಿನ ನಡುವಿನ ತೂತು 73.1. ಮಧ್ಯೆ ಹಾಕಬೇಕಾದ ರಿಂಗೇ ಇಲ್ಲ. ಇಷ್ಟು ದಿನ ವೀಲನ್ನು ನಡುಮಧ್ಯಕ್ಕೆ ಹಿಡಿದಿಟ್ಟಿದ್ದದ್ದು ಬರೀ ನಾಲ್ಕು ನಟ್ಟು!

ರಿಂಗ್ ಹಾಕಿಸಿದೆ. ನಡುಕ ಹೋಯಿತು, ಗಾಳಿ ಇಳಿಯಲು ಶುರುವಾಯಿತು. ನೆಲಮಂಗಲದ ಹತ್ತಿರ ಪಂಕ್ಚರ್ ಅಂಗಡಿಯ ಹುಡುಗ ವೀಲನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ನಿಧಾನ ತಿರುಗಿಸಿದ. ಟೈರಿನಿಂದ ಒಂದು ಗುಳ್ಳೆಯೂ ಬರಲಿಲ್ಲ. ರಿಮ್ಮಿನ ಒಳಮೈಯಿಂದ ಸಾಲಾಗಿ ಎದ್ದವು. ಬಟ್ಟೆಯಲ್ಲಿ ಒರೆಸಿದರೆ ಕಡ್ಡಿಯ ಹಿಂದೆ ಕೂದಲಿನಷ್ಟು ತೆಳ್ಳನೆಯ ಬಿರುಕು, ಬೆರಳುದ್ದ. ಇನ್ನೊಂದು ಮುಂದಿನ ವೀಲಿನಲ್ಲೂ ಅದೇ ಕಥೆ. ಟೈರ್ ಬಿಚ್ಚಿ ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ: 7.8 ಕೆಜಿ. 15 ಇಂಚಿನ ಅಸಲಿ ಟಿಇ37 ಇದಕ್ಕಿಂತ ಎಷ್ಟೋ ಹಗುರ.

ಅಂಗಡಿಯವರ ಉತ್ತರ ಕೇಳಿ: 'ನಮ್ಮ ರೋಡ್ ಹಂಗಿದೆ ಸಾರ್, ವೆಲ್ಡಿಂಗ್ ಹಾಕಿಸಿಕೊಡ್ತೀನಿ.' ದಯವಿಟ್ಟು ಇದಕ್ಕೆ ಒಪ್ಪಬೇಡಿ. ಬಿರುಕಿಗೆ ವೆಲ್ಡಿಂಗ್ ಹಾಕಿದರೆ ಆ ಬಿಸಿಗೆ ಸುತ್ತಲಿನ ಲೋಹದ ಹದ ಹೋಗುತ್ತದೆ. ಮತ್ತೆ ಬಿರಿಯುವುದು ಅದರ ಪಕ್ಕದಲ್ಲೇ.

ವೀಲ್ ಹಿಂದೆ ಜೆಡಬ್ಲ್ಯುಎಲ್, ವಿಐಎ ಮುದ್ರೆ ಇದೆ ಅಂತಲೂ ಸಮಾಧಾನ ಪಡಬೇಡಿ. ಅವು ಜಪಾನಿನ ಸುರಕ್ಷತಾ ಗುರುತುಗಳು, ನಿಜ. ಅಚ್ಚಿನಲ್ಲೇ ಆ ಅಕ್ಷರ ಕೆತ್ತಿಸಿಕೊಂಡರೆ ಯಾರು ಕೇಳುತ್ತಾರೆ? ನನ್ನದರಲ್ಲಿ ಎರಡೂ ಇದ್ದವು. ಟೈರ್ ಕೂರಿಸುವ ಮುಂಚೆ ಬರೀ ವೀಲನ್ನು ತೂಕ ಮಾಡಿಸಿ. ಐದು ನಿಮಿಷದ ಕೆಲಸ. 'ತಕ್ಕಡಿ ಇಲ್ಲ' ಅಂದರೆ ಮನೆಯಿಂದ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಯ್ಯಿರಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ ಅವರು ಕೊಟ್ಟ ಬಿಲ್ಲಿನಲ್ಲಿ 'ಅಲಾಯ್ ವೀಲ್ 15 ಇಂಚು, 4 ನಗ' ಅಂತ ಇದೆಯೇ ಹೊರತು ರೇಯ್ಸ್ ಹೆಸರಿಲ್ಲ, ಟಿಇ37 ಅಂತಲೂ ಇಲ್ಲ. ಕಂಪನಿ, ಮಾಡೆಲ್ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಮೀನಮೇಷ ಎಣಿಸಿದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.