ಸನ್ನಿ ಸೈಡ್: ಟ್ಯಾಂಕಿನಿಂದ ಶುರುಮಾಡಿ, ಅಲ್ಲಿಗೇ ನಿಲ್ಲಿಸಬೇಡಿ

ಮಡಿಕೇರಿಗೆ ಬರುವವರು ರಾಜಾಸೀಟು, ಅಬ್ಬಿ ಜಲಪಾತ ಎಲ್ಲ ಮುಗಿಸಿ, ಊಟಕ್ಕೆ ಇನ್ನೂ ಹೊತ್ತಿದೆ ಎಂದಾದಾಗ ಸನ್ನಿ ಸೈಡ್ ಕಡೆ ಗಾಡಿ ತಿರುಗಿಸುತ್ತಾರೆ. ಅಷ್ಟು ಹೊತ್ತು ಸಾಲದು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ ಇದು. ಅವರು ಹುಟ್ಟಿದ್ದು 1906ರಲ್ಲಿ. ಮುಂದೆ ಇದೇ ಮನೆ ಸಾರಿಗೆ ಇಲಾಖೆಯ ಕಚೇರಿಯಾಯಿತು. ಸೇನೆಯ ಮುಖ್ಯಸ್ಥರೊಬ್ಬರ ಬಾಲ್ಯದ ಮನೆಗೆ ಜನ ವಾಹನ ನೋಂದಣಿಗೆಂದು ಬಂದು ಹೋದರು. 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಇದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು.

ಅಂಗಳದಲ್ಲಿ ಟ್ಯಾಂಕ್ ಇದೆ, ಯುದ್ಧವಿಮಾನ ಇದೆ, ಹುತಾತ್ಮರ ಸ್ಮಾರಕವೂ ಇದೆ. ಸಂದರ್ಶಕರಲ್ಲಿ ಅರ್ಧದಷ್ಟು ಜನ ಟ್ಯಾಂಕಿನ ಮುಂದೆ ಬೆರಳೆತ್ತಿ ಫೋಟೊ ತೆಗೆಸಿಕೊಂಡು, ಬಂದ ಕೆಲಸ ಆಯಿತೆಂಬಂತೆ ಹೊರಡುತ್ತಾರೆ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತನಾದ ನನಗೆ ಇದನ್ನು ಕಂಡರೆ ಸಿಡುಕು. ನನ್ನ ಮೊಮ್ಮಗನೂ ಅಲ್ಲಿಂದ ಕದಲಲಿಲ್ಲ, ಆದರೆ ಒಂದು ಒಳ್ಳೆಯ ಪ್ರಶ್ನೆ ಕೇಳಿದ: "ತಾತ, ಇದು ಬೆಟ್ಟ ಹತ್ತುತ್ತದೆಯೇ?"

ಹತ್ತಿಸಿದವರ ಮನೆಯ ಮುಂದೆಯೇ ನಿಂತಿದ್ದೇವೆ ಎಂದೆ. 1948ರಲ್ಲಿ, ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ಯುದ್ಧ ನಡೆದಿದ್ದಾಗ, ಬೆಟ್ಟಗಳ ನಡುವಿನ ಜೋಜಿ ಲಾ ಕಣಿವೆದಾರಿ ಎದುರಾಳಿಗಳ ಕೈಯಲ್ಲಿತ್ತು, ಲಡಾಖಿನ ದಾರಿ ಮುಚ್ಚಿತ್ತು. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳ ಗೋಪುರ (ತೋಪು ಇರುವ ಮೇಲ್ಭಾಗ) ಕಳಚಿ, ಯಾರಿಗೂ ಗುರುತು ಸಿಗದಂತೆ ಶ್ರೀನಗರ ದಾಟಿಸಿ, ನವೆಂಬರ್ 1ರಂದು 11,000 ಅಡಿಗೂ ಮೇಲಿನ ಆ ಕಣಿವೆಗೆ ನುಗ್ಗಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಅಂಗಳದಲ್ಲಿರುವುದು ಆ ಟ್ಯಾಂಕ್ ಅಲ್ಲ. ಆ ಕಥೆ ಗೊತ್ತಿಲ್ಲದೆ ಇದನ್ನು ನೋಡಿದರೆ ಬರೀ ಕಬ್ಬಿಣ.

ಒಳಗೆ ಅವರ ಬದುಕು ಚಿತ್ರಗಳಲ್ಲಿ ಸಾಗುತ್ತದೆ. ಬಂದೂಕುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಇಷ್ಟಪಡುವವರು ನೋಡಿಯೇ ನೋಡುತ್ತಾರೆ. ನೀವು ನಿಧಾನಿಸಬೇಕಾದದ್ದು ಯುದ್ಧವಿಲ್ಲದ ವರ್ಷಗಳ ಮುಂದೆ. ಕೊರಿಯಾ ಯುದ್ಧ ನಿಂತಾಗ ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳಿದ್ದರು. ಅವರ ಗತಿಯೇನೆಂದು ನೋಡಬೇಕಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡೂ ಕಡೆಯವರು ಅನುಮಾನದಿಂದ ನೋಡುವ ಕೆಲಸ ಅದು. ಗುಂಡು ಹಾರಿಸುವುದಕ್ಕಿಂತ ಹಾರಿಸದೆ ಇರುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಸಮವಸ್ತ್ರ ಹಾಕಿದವರಿಗೆ ಗೊತ್ತು.

1957ರಲ್ಲಿ ಅವರು ಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಹೊಂದಿಕೆಯಾಗದೆ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂದಕ್ಕೆ ಪಡೆದರು. ಪಡೆಯಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ನನ್ನ ಅಳಿಯ ಒಪ್ಪುವುದಿಲ್ಲ, ಮೈಸೂರು ತಲುಪುವವರೆಗೂ ಕಾರಿನಲ್ಲಿ ಅದೇ ವಾದ ನಡೆಯಿತು.

ನಿವೃತ್ತಿಯ ನಂತರ ಕಾಫಿ ತೋಟ ನೋಡಿಕೊಂಡು ಇರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆ ಕರೆಯಿತು, ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್‌ಗೆ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಹೊರಟರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಮರುವರ್ಷ ಆ ಪುಟ್ಟ ದ್ವೀಪ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು, ಲಾರ್ನಾಕಾದಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರು, ಆದರೆ ಆ ಹೆಸರು ಹೇಳಿ ಆಟೊ ಕರೆದು ನೋಡಿ!

ಮಳೆಗಾಲದಲ್ಲಿ ಹೋಗುವವರು ಕೊಡೆ ಮರೆಯಬೇಡಿ, ಅಂಗಳದಲ್ಲಿ ನೋಡುವುದು ಬಹಳ ಇದೆ. ಮಕ್ಕಳಿದ್ದರೆ ಟ್ಯಾಂಕಿನ ಸರದಿ ಮೊದಲು ಮುಗಿಸಿಕೊಳ್ಳಿ, ಇಲ್ಲವಾದರೆ ಒಳಗೆ ನಿಮ್ಮನ್ನು ನಿಲ್ಲಲು ಬಿಡುವುದಿಲ್ಲ. ಇನ್ನೊಂದು ಮಾತು: ಇದು ಕಾರ್ಯಪ್ಪನವರ ಮನೆ ಎಂದು ಯಾರೋ ತಮ್ಮ ಹೆಂಡತಿಗೆ ವಿವರಿಸುತ್ತಿದ್ದುದು ಕಿವಿಗೆ ಬಿತ್ತು. ಅಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮನೆ 'ರೋಷನಾರಾ', ಅದೂ ಮಡಿಕೇರಿಯಲ್ಲೇ ಇದೆ, ಆದರೆ ಅದು ಖಾಸಗಿ ಮನೆ. ಅಲ್ಲಿಗೆ ಹೋಗಿ ಗೇಟು ತಟ್ಟಬೇಡಿ.